ಸೊಂಟದ ಕೀಲು ಬದಲಿಸಿದ ಮೇಲೆ ಮನೆಯಲ್ಲಿ ಮೊದಲ ಕೆಲವು ವಾರ: ಅಮ್ಮನನ್ನು ನಡೆಸಬೇಕಾ, ಮಲಗಿಸಬೇಕಾ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಬಲಗಡೆ ಸೊಂಟದ ಕೀಲು ಪೂರ್ತಿ ಸವೆದಿತ್ತು, ಬದಲಿಸಿದ್ದಾರೆ. ಆಪರೇಷನ್ ಆಗಿ 12 ದಿನ ಆಯಿತು. ಹಿಂಭಾಗದಿಂದ ಕೊಯ್ದು ಮಾಡಿದ್ದಾರೆ, ತಡೆದುಕೊಳ್ಳುವಷ್ಟು ಭಾರ ಹಾಕಬಹುದು ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿದೆ. ಆದರೆ ಅಮ್ಮ ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬರುವುದು ಬಿಟ್ಟರೆ ಇಡೀ ದಿನ ಮಲಗಿಯೇ ಇರುತ್ತಾರೆ. ಕೀಲು ಜಾರಿಬಿಟ್ಟರೆ ಎಂಬ ಹೆದರಿಕೆ. ಸಂಜೆ ಹೊತ್ತಿಗೆ ಪಾದ ಊದುತ್ತದೆ. ಆ ಕಾಲು ಉದ್ದ ಆಗಿದೆ ಅನ್ನುತ್ತಾರೆ. ನೆಂಟರು ಮೂರು ತಿಂಗಳು ಅಲ್ಲಾಡಿಸಬೇಡಿ ಅನ್ನುತ್ತಾರೆ, ಫಿಸಿಯೋ ನಡೆಸಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ನಾನು ಕೆಲಸಕ್ಕೆ ಹೋಗಲು ಅವರನ್ನು ಒಬ್ಬರೇ ಬಿಡುವುದು ಯಾವಾಗ?

ಉತ್ತರ: ಫಿಸಿಯೋ ಮಾತು ಕೇಳಿ. ನೆಂಟರು ಕಾಳಜಿಯಿಂದಲೇ ಹೇಳಿರುತ್ತಾರೆ, ಆದರೆ ಮೂರು ತಿಂಗಳು ಅಲ್ಲಾಡದೆ ಮಲಗಿಸುವುದು ನಿಮ್ಮ ತಾಯಿಗೆ ನಿಜಕ್ಕೂ ಅಪಾಯ. ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ತೊಡೆಯ ಸ್ನಾಯು ಬೇಗ ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಹುಣ್ಣಾಗುತ್ತದೆ. ಮಲಗಿದಷ್ಟೂ ಎದ್ದು ನಿಲ್ಲುವ ಧೈರ್ಯವೂ ಕಮ್ಮಿಯಾಗುತ್ತಾ ಹೋಗುತ್ತದೆ, ಈಗ ನಿಮ್ಮ ಮನೆಯಲ್ಲಿ ಆಗುತ್ತಿರುವುದು ಅದೇ.

ಅಮ್ಮನಿಗೆ ಒಂದು ವಿಷಯ ಬಿಡಿಸಿ ಹೇಳಿ. ಹೊಸ ಕೀಲು ಗಟ್ಟಿಯಾಗಿಯೇ ಇದೆ. ಸಿಮೆಂಟ್ ಹಾಕಿ ಕೂರಿಸಿದ್ದರೆ ಆ ಸಿಮೆಂಟ್ ಆಪರೇಷನ್ ಟೇಬಲ್ ಮೇಲೇ, ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿರುತ್ತದೆ. ಸಿಮೆಂಟ್ ಇಲ್ಲದ ಕೀಲಾದರೆ ಅದನ್ನು ಮೂಳೆಯೊಳಗೆ ಬಿಗಿಯಾಗಿ ಕೂರಿಸಿರುತ್ತಾರೆ, ಮುಂದಿನ ವಾರಗಳಲ್ಲಿ ಮೂಳೆ ಅದರ ಮೇಲೆ ಬೆಳೆದು ಹಿಡಿದುಕೊಳ್ಳುತ್ತದೆ. ಭಾರ ಹಾಕಬಹುದು ಎಂದು ಸರ್ಜನ್ ಬರೆದು ಕೊಟ್ಟಿದ್ದಾರೆ ಅಂದರೆ ಇದನ್ನೆಲ್ಲ ನೋಡಿಯೇ ಬರೆದಿರುತ್ತಾರೆ. ಸದ್ಯಕ್ಕೆ ದುರ್ಬಲವಾಗಿರುವುದು ಕೀಲಲ್ಲ, ಅದರ ಸುತ್ತಲಿನದು. ಒಳಗೆ ಹೋಗಲು ಹಿಂಭಾಗದ ಸಣ್ಣ ಸ್ನಾಯುಗಳನ್ನು, ಕೀಲನ್ನು ಸುತ್ತಿಕೊಂಡಿರುವ ಪೊರೆಯನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಅದು ಕೂಡಿಕೊಳ್ಳಲು ವಾರಗಳು ಬೇಕು. ಕೀಲು ಜಾರುವ ಸಂಭವ ಮೊದಲ ಮೂರು ತಿಂಗಳಲ್ಲಿ ಜಾಸ್ತಿ ಎನ್ನುವುದು ಇದೇ ಕಾರಣಕ್ಕೆ. ಆದರೆ ನೇರವಾಗಿ ನಡೆದರೆ ಅದು ಜಾರುವುದಿಲ್ಲ. ಜಾರಿಸುವ ಭಂಗಿಗಳೇ ಬೇರೆ.

ಹಿಂಭಾಗದಿಂದ ಮಾಡಿದ ಆಪರೇಷನ್ನಿನಲ್ಲಿ ಅವು ಮೂರು: ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ 90 ಡಿಗ್ರಿಗಿಂತ ಕಮ್ಮಿಯಾಗುವಷ್ಟು ಬಗ್ಗುವುದು, ಆ ಕಾಲನ್ನು ಇನ್ನೊಂದು ಕಾಲಿನ ಮೇಲೆ ದಾಟಿಸುವುದು, ಪಾದ ಮತ್ತು ಮಂಡಿಯನ್ನು ಒಳಮುಖವಾಗಿ ತಿರುಗಿಸುವುದು. ಮೂರೂ ಒಟ್ಟಿಗೆ ಆದರೆ ಅತೀ ಕೆಟ್ಟದ್ದು. ಕಾಗದದ ಮೇಲೆ ಇದು ಸುಲಭ ಅನ್ನಿಸುತ್ತದೆ, ಮನೆಯೊಳಗೆ ಮಾತ್ರ ಗೊತ್ತೇ ಆಗದಂತೆ ತಪ್ಪಿಬಿಡುತ್ತದೆ. ತಗ್ಗು ಸೋಫಾ. ತಗ್ಗು ಕಮೋಡ್. ಕೆಳಗೆ ಬಿದ್ದ ಕನ್ನಡಕ. ಕಾಲ ಬಳಿ ಇರುವ ಹೊದಿಕೆಯನ್ನು ಕೂತಲ್ಲಿಂದಲೇ ಬಗ್ಗಿ ಎಳೆದುಕೊಳ್ಳುವುದು. ಹಾಸಿಗೆಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳಲು ಹೋಗುವುದು.

ಇನ್ನೊಂದು ತುಂಬಾ ಜನರಿಗೆ ಯಾರೂ ಹೇಳಿರುವುದಿಲ್ಲ: ತಿರುಗುವುದು. ನಿಮ್ಮ ತಾಯಿ ಬಲ ಪಾದವನ್ನು ನೆಲಕ್ಕೆ ಊರಿ, ಅದನ್ನು ಎತ್ತದೆ ಮೈಯನ್ನು ಬಲಕ್ಕೆ ತಿರುಗಿಸಿದರೆ ಕೀಲಿನ ಲೆಕ್ಕದಲ್ಲಿ ಅದು ಕಾಲನ್ನು ಒಳಕ್ಕೆ ತಿರುಗಿಸಿದ ಹಾಗೆಯೇ. ಬಾತ್‌ರೂಮಿನಲ್ಲಿ, ಬಾಗಿಲ ಹತ್ತಿರ, ಹಾಸಿಗೆಯ ಪಕ್ಕದ ಇಕ್ಕಟ್ಟಿನಲ್ಲಿ ಹೀಗಾಗುವುದು ಹೆಚ್ಚು. ಪಾದ ಎತ್ತೆತ್ತಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ತಿರುಗಬೇಕು. ಜಾಗ ಇದ್ದರೆ ಎಡಕ್ಕೇ ತಿರುಗಲಿ. ಕೂತಿರುವಾಗ ಬಲಗಡೆ ಹಿಂದೆ ಇರುವ ವಸ್ತುವಿಗೆ ಕೈ ಚಾಚುವುದೂ ಬೇಡ, ಬೇಕಾದ್ದನ್ನೆಲ್ಲ ಕಣ್ಣೆದುರು, ಎಟುಕುವ ಎತ್ತರದಲ್ಲಿ ಇಟ್ಟುಬಿಡಿ.

ಈ ನಿಯಮ ಸಾಮಾನ್ಯವಾಗಿ 6ರಿಂದ 12 ವಾರ. ಕೆಲವು ಸರ್ಜನ್‌ಗಳು ಈಗ ಇಷ್ಟು ಬಿಗಿ ಮಾಡುವುದಿಲ್ಲ, ನಿಮ್ಮ ಸರ್ಜನ್ ಹೇಳಿದ್ದೇ ನಿಮಗೆ ಲೆಕ್ಕ. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಮುಂಭಾಗದಿಂದ ಕೊಯ್ದು ಮಾಡಿದ್ದರೆ ನಿಯಮ ಉಲ್ಟಾ, ಅಲ್ಲಿ ಕಾಲನ್ನು ತುಂಬಾ ಹಿಂದಕ್ಕೆ ಚಾಚುವುದು ಮತ್ತು ಪಾದ ಹೊರಕ್ಕೆ ತಿರುಗಿಸುವುದು ಬೇಡ. ಮೂಳೆ ಮುರಿದು ರಾಡ್ ಅಥವಾ ಸ್ಕ್ರೂ ಹಾಕಿದ್ದರೆ ಎಷ್ಟು ಭಾರ ಹಾಕಬೇಕು ಎನ್ನುವುದು ಪೂರ್ತಿ ಬೇರೆ ಲೆಕ್ಕ. ಪಕ್ಕದ ಮನೆಯವರ ಚೀಟಿ ನೋಡಿ ನಡೆಸಬೇಡಿ.

ಈಗ ಕೂರುವುದು, ಏಳುವುದು. ದಿನದಲ್ಲಿ ಅತಿ ಹೆಚ್ಚು ಸಲ ಮಾಡುವ ಕೆಲಸ ಇದು, ತಪ್ಪಾಗುವುದೂ ಇಲ್ಲೇ. ಗಟ್ಟಿ ಸೀಟಿನ, ಎರಡೂ ಕಡೆ ಕೈ ಇರುವ, ಎತ್ತರದ ಕುರ್ಚಿ ಬೇಕು. ಕೂತಾಗ ಮಂಡಿ ಸೊಂಟಕ್ಕಿಂತ ಸ್ವಲ್ಪ ಕೆಳಗಿರಬೇಕು, ಅದೇ ಅಳತೆ. ಚಕ್ರದ ಕುರ್ಚಿ, ತೂಗುವ ಕುರ್ಚಿ ಬೇಡ. ಕೂರುವಾಗ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಕುರ್ಚಿಯ ಅಂಚು ಎರಡೂ ಕಾಲಿನ ಹಿಂಭಾಗಕ್ಕೆ ತಾಗುವ ತನಕ ಬರಲಿ. ಆಮೇಲೆ ಬಲಗಾಲನ್ನು ಮುಂದಕ್ಕೆ ಜಾರಿಸಿ, ವಾಕರ್ ಬಿಟ್ಟು ಕುರ್ಚಿಯ ಕೈಗಳನ್ನು ಹಿಡಿದು, ಎಡಗಾಲಿನ ಬಲದಲ್ಲಿ ಮೆಲ್ಲಗೆ ಇಳಿಯಲಿ, ಧೊಪ್ಪನೆ ಕೂರಬಾರದು. ಏಳುವಾಗ ಮೊದಲು ಸೀಟಿನ ಅಂಚಿಗೆ ಸರಿಯಬೇಕು, ಬಲಗಾಲು ಮುಂದೆ, ಎರಡೂ ಕೈಯಿಂದ ಕುರ್ಚಿಯನ್ನು ಒತ್ತಿ ಏಳಬೇಕು, ನಿಂತ ಮೇಲೆ ವಾಕರ್‌ಗೆ ಕೈ. ವಾಕರ್ ಹಿಡಿದು ಎಳೆದುಕೊಂಡು ಏಳಲು ಹೋದರೆ ಅದು ಮಗುಚುತ್ತದೆ. ಎದ್ದ ತಕ್ಷಣ ಹೊರಡದೆ ಒಂದೆರಡು ಉಸಿರು ನಿಂತುಕೊಳ್ಳಲಿ, ತಲೆ ಸುತ್ತುತ್ತಿಲ್ಲ ಎಂದು ಖಾತ್ರಿಯಾಗಲಿ.

ನೀವು ಅವರನ್ನು ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದೀರಾ? ದಯವಿಟ್ಟು ನಿಲ್ಲಿಸಿ. ಹಾಗೆ ಎತ್ತಿದರೆ ಅವರ ಭುಜ ನೋಯುತ್ತದೆ, ನಿಮ್ಮ ಬೆನ್ನು ಹಿಡಿಯುತ್ತದೆ, ಅವರ ಕಾಲು ಮಾತ್ರ ಏನೂ ಕಲಿಯುವುದಿಲ್ಲ. ಏಳಲಾಗುತ್ತಿಲ್ಲ ಅಂದರೆ ಬಹಳ ಸಲ ಸೀಟು ತಗ್ಗಾಗಿದೆ ಎಂದೇ ಅರ್ಥ, ಎತ್ತರ ಮಾಡಿ. ನಡೆಯುವಾಗ ನೀವು ಅವರ ಬಲಗಡೆ, ಅರ್ಧ ಹೆಜ್ಜೆ ಹಿಂದೆ ಇರಿ. ಕೈ ಹತ್ತಿರ ಇರಲಿ, ಹಿಡಿದು ಎಳೆಯಬೇಡಿ.

ನಡಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮುಂದೆ ವರ್ಷಗಟ್ಟಲೆ ಅವರು ಹೇಗೆ ನಡೆಯುತ್ತಾರೆ ಎನ್ನುವುದು ಬಹುಮಟ್ಟಿಗೆ ಈ ವಾರಗಳಲ್ಲೇ ಕೂತುಬಿಡುತ್ತದೆ. ಮೊದಲು ವಾಕರ್, ಆಮೇಲೆ ಬಲಗಾಲು, ಆಮೇಲೆ ಎಡಗಾಲು. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು. ಬೆರಳುಗಳು ನೇರ ಮುಂದೆ ನೋಡುತ್ತಿರಬೇಕು. ಎರಡೂ ಹೆಜ್ಜೆ ಒಂದೇ ಉದ್ದ ಇರಬೇಕು, ಹೆದರಿದವರು ಎಡಗಾಲನ್ನು ಬೇಗ ಬೇಗ ಎತ್ತಿ ಇಟ್ಟುಬಿಡುತ್ತಾರೆ, ಬಲಗಾಲಿನ ಮೇಲೆ ನಿಲ್ಲುವ ಹೊತ್ತು ಕಮ್ಮಿ ಮಾಡುತ್ತಾರೆ. ಕುಂಟು ಶುರುವಾಗುವುದೇ ಹೀಗೆ. ಆಪರೇಷನ್ನಿಗೆ ಮುಂಚೆ ನೋವಿನಿಂದ ಎಷ್ಟೋ ಕಾಲ ಕುಂಟಿದವರಿಗೆ ಆ ಅಭ್ಯಾಸ ಮೈಗಂಟಿರುತ್ತದೆ, ಕೀಲು ಹೊಸದಾದರೂ ನಡಿಗೆ ಹಳೆಯದೇ ಉಳಿದಿರುತ್ತದೆ. ಅದಕ್ಕೇ ನಿಧಾನವಾಗಿ, ಸರಿಯಾಗಿ ನಡೆಯಲಿ. ಐದು ನಿಮಿಷದ ಸರಿ ನಡಿಗೆ ಇಪ್ಪತ್ತು ನಿಮಿಷದ ಕುಂಟಿಗಿಂತ ಎಷ್ಟೋ ವಾಸಿ.

ಎಷ್ಟು ನಡೆಯಬೇಕು ಅಂದರೆ, ಕಡಿಮೆ ಕಡಿಮೆ, ಮೇಲಿಂದ ಮೇಲೆ. ಈಗ ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲ ಐದು ನಿಮಿಷ ಮನೆಯೊಳಗೇ ಸಾಕು. ಅದು ಸಲೀಸಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ಜಾಸ್ತಿ ಆಯಿತೋ ಇಲ್ಲವೋ ಎಂದು ತಿಳಿಯಲು ಮರುದಿನ ಬೆಳಿಗ್ಗೆ ನೋಡಿ. ನಡೆದ ಮೇಲೆ ಸ್ವಲ್ಪ ನೋವು ಬಂದು, ಮಲಗಿ ಐಸ್ ಇಟ್ಟ ಮೇಲೆ ಇಳಿದರೆ ತೊಂದರೆಯಿಲ್ಲ. ಬೆಳಿಗ್ಗೆ ನಿನ್ನೆಗಿಂತ ಹೆಚ್ಚು ನೋವು, ಹೆಚ್ಚು ಬಿಗಿತ, ಕುಂಟು ಜಾಸ್ತಿ ಅಂದರೆ ಆ ದಿನ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಒಂದು ದಿನ ಹುಮ್ಮಸ್ಸಿನಲ್ಲಿ ಓಡಾಡಿ ಎರಡು ದಿನ ಮಲಗುವುದು ತುಂಬಾ ಜನ ಮಾಡುವ ತಪ್ಪು, ಸಾಮಾನ್ಯವಾಗಿ ಮೂರನೇ ವಾರದಲ್ಲಿ, ನೋವು ಇಳಿದು ಧೈರ್ಯ ಬಂದಾಗ.

ವಾಕರ್ ಬಿಟ್ಟು ಕೋಲು ಹಿಡಿಯುವುದು ಯಾವಾಗ? ತಾರೀಕು ನೋಡಬೇಡಿ, ನಡಿಗೆ ನೋಡಿ. ಬಲಗಾಲಿನ ಮೇಲೆ ನಿಂತಾಗ ಮೈ ಬಲಕ್ಕೆ ವಾಲುತ್ತಿದ್ದರೆ ಅಥವಾ ಎಡಗಡೆ ಸೊಂಟ ಕೆಳಗೆ ಕುಸಿಯುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಇನ್ನೂ ತಯಾರಾಗಿಲ್ಲ. ಹೆಚ್ಚಿನವರು ಮೂರರಿಂದ ಆರು ವಾರದೊಳಗೆ ಬದಲಾಯಿಸುತ್ತಾರೆ, ನಿಮ್ಮ ಫಿಸಿಯೋ ಒಮ್ಮೆ ನೋಡಿ ಹೇಳಲಿ. ಕೋಲು ಎಡಗೈಯಲ್ಲಿ ಇರಬೇಕು, ಅಂದರೆ ಆಪರೇಷನ್ ಆಗದ ಕಡೆ. ನೋಯುವ ಕಡೆಯೇ ಕೋಲು ಇರಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ, ಆದರೆ ಎದುರು ಕೈಯಲ್ಲಿ ಹಿಡಿದಾಗಲೇ ಆ ದುರ್ಬಲ ಸ್ನಾಯುವಿನ ಮೇಲೆ ಬೀಳುವ ಕೆಲಸ ಕಮ್ಮಿಯಾಗುವುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಯಾವಾಗಲೂ ಒಂದು ಕೈ ಕಂಬಿಯ ಮೇಲೆ. ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿರಿ.

ವ್ಯಾಯಾಮ ಹತ್ತಾರು ಬೇಕಿಲ್ಲ. ಮಲಗಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಎಚ್ಚರ ಇದ್ದಾಗ ಗಂಟೆಗೊಮ್ಮೆಯಾದರೂ. ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡುವುದು. ಕುಂಡೆಯ ಸ್ನಾಯು ಬಿಗಿಹಿಡಿದು ಬಿಡುವುದು. ಹಿಮ್ಮಡಿಯನ್ನು ಹಾಸಿಗೆ ಮೇಲೇ ಜಾರಿಸುತ್ತಾ ಮಂಡಿ ಮಡಚುವುದು, 90 ಡಿಗ್ರಿ ದಾಟದಂತೆ. ನಂತರ ಅಲ್ಲಾಡದ ಮೇಜು ಅಥವಾ ಅಡುಗೆ ಕಟ್ಟೆ ಹಿಡಿದು ನಿಂತು ಬಲಗಾಲನ್ನು ಪಕ್ಕಕ್ಕೆ ಎತ್ತುವುದು. ಕುಂಟು ಹೋಗಿಸುವುದು ಈ ಕೊನೆಯದು. ಕಾಲು ಹೆಚ್ಚು ಎತ್ತರ ಹೋಗಲಿ ಎಂದು ಮೈ ಎಡಕ್ಕೆ ವಾಲಿಸಿದರೆ ಪ್ರಯೋಜನವಿಲ್ಲ. ಸ್ವಲ್ಪವೇ ಎತ್ತಲಿ, ಮೈ ನೆಟ್ಟಗಿರಲಿ. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಮಲಗಿಕೊಂಡು ಇಡೀ ಕಾಲನ್ನು ನೆಟ್ಟಗೆ ಮೇಲೆತ್ತುವ ವ್ಯಾಯಾಮ ಫಿಸಿಯೋ ಹೇಳದೆ ಮಾಡಿಸಬೇಡಿ, ಅದು ಕೀಲಿನ ಮೇಲೆ ನೀವಂದುಕೊಂಡದ್ದಕ್ಕಿಂತ ಜಾಸ್ತಿ ಭಾರ ಹಾಕುತ್ತದೆ, ತೊಡೆಸಂದಿಯಲ್ಲಿ ನೋವು ಬರಿಸುತ್ತದೆ.

ನೋವಿನ ಮಾತ್ರೆಯನ್ನು ನೋವು ತಡೆಯಲಾಗದ ಮೇಲೆ ಕೊಡುವುದಲ್ಲ. ಬರೆದುಕೊಟ್ಟ ಹೊತ್ತಿಗೆ ಕೊಡಿ, ಒಂದು ಡೋಸ್ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಬೀಳುವಂತೆ ನೋಡಿಕೊಳ್ಳಿ. ಮಾತ್ರೆ ಕಮ್ಮಿ ತಿಂದಷ್ಟೂ ಒಳ್ಳೆಯದು ಎಂದು ಹಲ್ಲುಕಚ್ಚಿ ಮಲಗಿದರೆ ನಡೆಯಲು ಆಗುವುದಿಲ್ಲ, ನಷ್ಟ ಅದರಲ್ಲೇ ಹೆಚ್ಚು. ಪ್ಯಾರಾಸಿಟಮಾಲ್ ಮಾತ್ರ ದಿನಕ್ಕೆ 4 ಗ್ರಾಂ ದಾಟಬಾರದು, ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಬೇರೆ ನೋವಿನ ಮಾತ್ರೆಯೊಳಗೂ ಅದು ಸೇರಿರುತ್ತದೆ, ಪಟ್ಟಿಯ ಹಿಂದೆ ಓದಿ ಕೂಡಿಸಿ ನೋಡಿ. ರಕ್ತ ತೆಳುವಾಗಿಸುವ ಔಷಧ ನಡೆಯುತ್ತಿರುವಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ್ದನ್ನು ಡಾಕ್ಟರನ್ನು ಕೇಳದೆ ಸೇರಿಸಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಗಾಯ ಒದ್ದೆಯಾಗದಿರಲಿ. ಸ್ಟ್ರಾಂಗ್ ಮಾತ್ರೆಗಳಿಂದ ಮಲಬದ್ಧತೆ ಬರುತ್ತದೆ, ಮುಜುಗರದಿಂದ ಹೇಳುವುದಿಲ್ಲ, ನೀವೇ ಕೇಳಿ.

ಪಾದ ಊದುವ ವಿಷಯ. ಸಂಜೆ ಊದಿ ಬೆಳಿಗ್ಗೆ ಇಳಿಯುವ ಊತ ಸಾಮಾನ್ಯ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ತೊಡೆಯಲ್ಲಿದ್ದ ನೀಲಿ ಮಂಡಿಗೆ, ಪಾದಕ್ಕೆ ಇಳಿದು ಬರುವುದೂ ಅಷ್ಟೇ, ಗಾಬರಿ ಬೇಡ. ದಿನಕ್ಕೆ ಎರಡು ಮೂರು ಸಲ ಬೆನ್ನ ಮೇಲೆ ಮಲಗಿ ಇಡೀ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಡಲಿ, ಮಂಡಿಯ ಕೆಳಗೆ ಮಾತ್ರ ದಿಂಬು ತುರುಕಬೇಡಿ. ಒಂದೇ ಸಮ ಕೂತಿರುವುದು ಮುಕ್ಕಾಲು ಗಂಟೆ ಮೀರದಿರಲಿ.

ಆದರೆ ಊತ ಬೆಳಿಗ್ಗೆಯೂ ಇಳಿಯದಿದ್ದರೆ, ಮೀನಖಂಡ ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ, ಒಂದು ಕಾಲು ಇದ್ದಕ್ಕಿದ್ದಂತೆ ದಪ್ಪವಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ತಿಕ್ಕಬೇಡಿ, ಮಸಾಜ್ ಬೇಡವೇ ಬೇಡ. ಉಸಿರು ಕಟ್ಟುವುದು, ಎದೆನೋವು, ಕೆಮ್ಮಿದರೆ ರಕ್ತ ಬಂತು ಅಂದರೆ ಕಾಯಬಾರದು, ತಕ್ಷಣ ಆಂಬುಲೆನ್ಸ್ ಕರೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧ ಸಾಮಾನ್ಯವಾಗಿ ಆಪರೇಷನ್ ಆಗಿ ನಾಲ್ಕೈದು ವಾರದವರೆಗೆ ಇರುತ್ತದೆ. ಓಡಾಡುತ್ತಿದ್ದಾರಲ್ಲ ಎಂದು ನಡುವೆ ನಿಲ್ಲಿಸಬೇಡಿ. ಹಾಗೆಯೇ, ಸೊಂಟದಲ್ಲಿ ಹಠಾತ್ತನೆ ವಿಪರೀತ ನೋವು ಬಂದು, ಕಾಲು ಗಿಡ್ಡವಾಗಿ ತಿರುಚಿಕೊಂಡಂತೆ ಕಂಡು, ಊರಲು ಆಗದಿದ್ದರೆ ಕೀಲು ಜಾರಿದೆ ಎಂದೇ ತಿಳಿಯಿರಿ. ಎಳೆದು ಕೂರಿಸಲು ಯಾರನ್ನೂ ಬಿಡಬೇಡಿ, ಮಲಗಿದಲ್ಲೇ ಬಿಟ್ಟು ಆಂಬುಲೆನ್ಸ್ ಕರೆಸಿ.

ಹೊಲಿಗೆ ಅಥವಾ ಸ್ಟೇಪಲ್ ತೆಗೆಯುವುದು ಸಾಮಾನ್ಯವಾಗಿ 10ರಿಂದ 14 ದಿನದಲ್ಲಿ, ಅಂದರೆ ನಿಮಗೆ ಈಗ. ಗಾಯದಿಂದ ಇನ್ನೂ ನೀರು ಒಸರುತ್ತಿದ್ದರೆ, ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಪರೇಷನ್ ಮಾಡಿದವರಿಗೇ ತೋರಿಸಿ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಕೊಟ್ಟು ನೋಡೋಣ ಎನ್ನುವುದು ಬೇಡ. ಸೋಂಕು ಒಳಗೇ ಮುಚ್ಚಿಹೋಗಿ ಕೀಲಿಗೆ ಇಳಿದರೆ ಮತ್ತೆ ಆಪರೇಷನ್ ಮಾಡಬೇಕಾಗುತ್ತದೆ.

ಕಾಲು ಉದ್ದ ಆಗಿದೆ ಎನ್ನುವುದು ತುಂಬಾ ಜನ ಹೇಳುವ ಮಾತು. ಸವೆದ ಕೀಲಿನಿಂದ ವರ್ಷಗಳ ಕಾಲ ಆ ಕಾಲು ಗಿಡ್ಡವಾಗಿರುತ್ತದೆ, ಸುತ್ತಲಿನ ಸ್ನಾಯುಗಳೂ ಅದಕ್ಕೆ ತಕ್ಕಂತೆ ಬಿಗಿದುಕೊಂಡಿರುತ್ತವೆ. ಈಗ ಕೀಲು ಸರಿ ಎತ್ತರಕ್ಕೆ ಬಂದಾಗ ಆ ಬಿಗಿತ ಸೊಂಟವನ್ನು ಒಂದು ಕಡೆ ಎಳೆಯುತ್ತದೆ, ಕಾಲು ಉದ್ದವಾದಂತೆ ಅನ್ನಿಸುತ್ತದೆ. ಸ್ನಾಯು ಸಡಿಲವಾದಂತೆ, ಹೆಚ್ಚಾಗಿ ಮೂರು ತಿಂಗಳೊಳಗೆ, ಇದು ಹೋಗುತ್ತದೆ. ಅಲ್ಲಿಯವರೆಗೆ ಇನ್ನೊಂದು ಚಪ್ಪಲಿಗೆ ಎತ್ತರದ ಅಟ್ಟೆ ಹಾಕಿಸಬೇಡಿ, ಹಾಕಿಸಿದರೆ ಆ ಬಿಗಿತವೇ ಉಳಿದುಬಿಡುತ್ತದೆ. ಆಮೇಲೂ ವ್ಯತ್ಯಾಸ ಇದ್ದರೆ ಸರ್ಜನ್ ಅಳೆದು ಹೇಳುತ್ತಾರೆ.

ಮನೆಯೊಳಗೆ ಜಾರುವ ಕಾಲೊರಸು, ಚಿಕ್ಕ ಕಾರ್ಪೆಟ್, ನೆಲದ ಮೇಲಿನ ವೈರ್ ಎಲ್ಲ ತೆಗೆದುಬಿಡಿ. ರಾತ್ರಿ ಹಾಸಿಗೆಯಿಂದ ಬಾತ್‌ರೂಮಿನ ತನಕ ದೀಪ ಇರಲಿ. ಕಮೋಡ್ ಮೇಲೆ ಎತ್ತರಿಸುವ ಸೀಟ್ ಹಾಕಿಸಿ, ಸ್ನಾನಕ್ಕೆ ಕೂರಲು ಎತ್ತರದ ಗಟ್ಟಿ ಕುರ್ಚಿ ಇಡಿ, ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ರಾಡ್ ಮನುಷ್ಯರ ಭಾರ ತಡೆಯುವುದಿಲ್ಲ, ಅದನ್ನು ಹಿಡಿಯುವ ಅಭ್ಯಾಸ ಇದ್ದರೆ ತೆಗೆಸಿಬಿಡಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಲಿ. ಬಟ್ಟೆ ಹಾಕುವಾಗ ಬಲಗಾಲು ಮೊದಲು, ಬಿಚ್ಚುವಾಗ ಕೊನೆಗೆ. ಮಲಗುವಾಗ ಕಾಲುಗಳ ನಡುವೆ ದಿಂಬು. ನೆಲದ ಮೇಲೆ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಸದ್ಯಕ್ಕೆ ಇಲ್ಲವೇ ಇಲ್ಲ, ಮುಂದೆ ಯಾವತ್ತಾದರೂ ಆಗುತ್ತದಾ ಎನ್ನುವುದನ್ನು ಸರ್ಜನ್ ಅವರೇ ಹೇಳಬೇಕು.

ಅಮ್ಮನ ಹೆದರಿಕೆಯನ್ನು ಮಾತಿನಲ್ಲಿ ಓಡಿಸಲು ಆಗುವುದಿಲ್ಲ. 'ಏನೂ ಆಗಲ್ಲ, ಏಳಮ್ಮ' ಅಂದರೆ ಅವರಿಗೆ ನೀವು ಅರ್ಥ ಮಾಡಿಕೊಂಡಿಲ್ಲ ಅನ್ನಿಸುತ್ತದೆ. ಯಾವ ಮೂರು ಭಂಗಿ ಬೇಡ ಎಂದು ತೋರಿಸಿಕೊಡಿ, ಉಳಿದದ್ದೆಲ್ಲ ಮಾಡಬಹುದು ಎಂದು ಆಗ ಅವರಿಗೇ ಹೊಳೆಯುತ್ತದೆ. ನಡಿಗೆಗೆ ಒಂದು ನೆಪ ಇರಲಿ: ಊಟ ಹಾಸಿಗೆಗೆ ತರಬೇಡಿ, ಮೇಜಿನ ಬಳಿ ಕೊಡಿ. ಮೊದಲ ವಾರಗಳಲ್ಲಿ ನಿದ್ದೆ ಸರಿ ಬರುವುದಿಲ್ಲ, ಮನಸ್ಸು ಕುಗ್ಗುತ್ತದೆ, ಸುಮ್ನೆ ಅಳು ಬರುತ್ತದೆ. ಇದು ಬಹಳ ಜನರಿಗೆ ಆಗುತ್ತದೆ, ಅದನ್ನೂ ಅವರಿಗೆ ಹೇಳಿ. ಆದರೆ ಇದ್ದಕ್ಕಿದ್ದಂತೆ ಗೊಂದಲವಾಗಿ ಮಾತಾಡಿದರೆ, ಹೊತ್ತು ಗೊತ್ತು ತಪ್ಪಿದರೆ ವಯಸ್ಸು ಎಂದು ಬಿಡಬೇಡಿ, ಸೋಂಕು ಅಥವಾ ಔಷಧದಿಂದ ಆಗಿರಬಹುದು, ಅವತ್ತೇ ಡಾಕ್ಟರಿಗೆ ತಿಳಿಸಿ.

ಇನ್ನು ನಿಮ್ಮ ರಜೆ. ಹೆಚ್ಚಿನ ಮನೆಗಳಲ್ಲಿ ಮೊದಲ ಎರಡು ಮೂರು ವಾರ ಯಾರಾದರೂ ಜೊತೆಗಿರಬೇಕಾಗುತ್ತದೆ. ಅಮ್ಮ ಈಗ ನಡೆಯುತ್ತಿರುವುದು ಕಡಿಮೆ, ಹಾಗಾಗಿ ನಿಮಗೆ ಇನ್ನೊಂದೆರಡು ವಾರ ಹಿಡಿಯಬಹುದು. ಹೀಗೆ ಪರೀಕ್ಷೆ ಮಾಡಿ: ನೀವು ರೂಮಿನ ಮೂಲೆಯಲ್ಲಿ ಕೈಕಟ್ಟಿ ನಿಂತುಕೊಳ್ಳಿ, ಒಂದು ಮಾತೂ ಆಡಬೇಡಿ. ಅವರು ಹಾಸಿಗೆಯಿಂದ ಎದ್ದು, ಬಾತ್‌ರೂಮಿಗೆ ಹೋಗಿ, ಬಟ್ಟೆ ಸರಿಮಾಡಿಕೊಂಡು, ವಾಪಸ್ ಬಂದು ಕುರ್ಚಿಯಲ್ಲಿ ಕೂರಲಿ. ನೀವು ಕೈ ಹಚ್ಚದೆ, ನೆನಪಿಸದೆ ಇದು ಎರಡು ಮೂರು ದಿನ ಸತತ ನಡೆದರೆ ಮೊದಲು ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ, ಆಮೇಲೆ ಎರಡು ಗಂಟೆ, ಆಮೇಲೆ ಅರ್ಧ ದಿನ. ಫೋನು ಮೇಜಿನ ಮೇಲಲ್ಲ, ಅವರ ಮೈಮೇಲೆ, ಕುತ್ತಿಗೆಗೆ ಹಾಕುವ ಚೀಲದಲ್ಲಿ ಇರಲಿ. ವಾಕರ್ ಹಿಡಿದಾಗ ಎರಡೂ ಕೈ ತುಂಬಿರುತ್ತದೆ, ಆದ್ದರಿಂದ ನೀರು, ಮಾತ್ರೆ, ತಿನ್ನಲು ಬೇಕಾದ್ದು ಎಲ್ಲವೂ ಕೂರುವ ಕುರ್ಚಿಯ ಪಕ್ಕ, ಎಡಗಡೆ, ಮೊದಲೇ ಇಟ್ಟು ಹೋಗಿ. ಸ್ನಾನ ಮಾತ್ರ ನೀವು ಮನೆಯಲ್ಲಿ ಇರುವಾಗಲೇ ಆಗಲಿ.